ಪೋಷಕರ ಅನುಮತಿ

ಬಂಡೆಮ್ಮ ಬಡಿದ ರೊಟ್ಟಿ ಕಾಗದದಂಗ ತೆಳ್ಳಗ ಬರ್ತಿತ್ತು. ಇದನ್ನ ಮೊದಲ ಹೇಳ್ತೀನಿ, ಯಾಕಂದ್ರ ಆಮ್ಯಾಲ ಆಕಿ ಬಗ್ಗೆ ಮಂದಿ ಏನೇನೋ ಅಂದ್ರು. ಮಗಳನ್ನ ಓಡಿಸ್ಕೊಂಡು ಬಂದಾಕಿ ಅಂದ್ರು, ತವರಿನ ಮಾನ ಕಳದಾಕಿ ಅಂದ್ರು. ಅನ್ನೋರ ಬಾಯಾಗ ಮಣ್ಣ ಬೀಳ್ಲಿ. ನನ್ನ ಮನ್ಯಾಗ ದುಡಿದಾಕಿ ಆಕಿ, ಒಂದಿನಾನೂ ಸುಳ್ಳ ಹೇಳಿದಾಕಿ ಅಲ್ಲ.

ನಾ ಗೋದಾವರಿ. ನಮ್ಮ ಮನಿಯವರು ಸರಕಾರಿ ಕಾರ್ಖಾನ್ಯಾಗ ದುಡಿದು ರಿಟೈರ್ ಆದವರು, ಹೈದರಾಬಾದಿನ ಸನತ್‌ನಗರದಾಗ ಸಣ್ಣದೊಂದು ಮನಿ ಐತಿ. ಮಾದಾಪುರ, ಕೊಂಡಾಪುರದ ಆಫೀಸಿನ್ಯಾಗಿರೋ ನಮ್ಮ ಕಡೆ ಹುಡುಗರಿಗೆ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕಳಸ್ತೀನಿ. ಬಂಡೆಮ್ಮ ಲಿಂಗಸೂಗೂರ ಕಡೆಯಾಕಿ. ಕೊಂಡಾಪುರದಾಗ ಕಟ್ಟಡದ ಕೆಲಸಕ್ಕ ಉಸುಕ ಹೊರತಿದ್ಲು. ಸೊಂಟ ಸೋತ ಮ್ಯಾಲ ರೊಟ್ಟಿ ಬಡಿಯಾಕ ಮಂದಿ ಬೇಕೇನ್ರಿ ಅಂತ ಕೇಳ್ಕೊಂಡು ಬಂದ್ಲು. ಹಿಂದಿನ ಖೋಲಿ ಕೊಟ್ಟೆ. ಆಕಿ ಜೋಡಿ ಮಗಳು ಶಿವಗಂಗಾ ಇದ್ಲು. ಹನ್ನೆರಡು ವರ್ಷದಾಕಿ, ಏಳನೇತ್ತ ಓದ್ತಿದ್ಲು.

ಯಾಕ ಬಂದೆ ಅಂತ ನಾ ಕೇಳಲಿಲ್ಲ, ಆಕಿನ ಹೇಳಿದ್ಲು. ಗಂಡ ಅಮರಯ್ಯ ತೀರಿದ ಮ್ಯಾಲ ತವರಿಗೆ ಹೋಗಿ ಕುಂತಿದ್ಲಂತ. ಅನ್ನ ಹಾಕಿದಾವ ತಮ್ಮ ಪರಮೇಶ. ಬಂಡೆಮ್ಮ ತಾನ ಬಗಲಾಗ ಎತ್ಕೊಂಡು ಬೆಳಸಿದ ತಮ್ಮ. ಹುಡುಗಿ ದೊಡ್ಡಾಕಿ ಆದಾಗ ಸ್ವಾದರಮಾವ ಸೀರಿ, ಬಳಿ, ಹೂವು ತರೋದು ನಮ್ಮಲ್ಲಿ ಪದ್ಧತಿ. ಪರಮೇಶ ಅದರ ಜೋಡಿ ಒಂದು ಫೋನೂ ತಂದ. ತಾನ ಕುಂತು ಎಲ್ಲಾ ಹಾಕಿ ಕೊಟ್ಟ. ಸಣ್ಣ ಹುಡುಗಿ, ಫೋನಿನ್ಯಾಗ ಏನ್ ನೋಡ್ತಾಳೋ, ನಾ ಕಣ್ಣಿಟ್ಟಿರ್ತೀನಿ ಅಂದ. ಎಂಥಾ ಜವಾಬ್ದಾರಿ ಹುಡುಗ ಅಂತ ಓಣಿ ಮಂದಿ ಹೊಗಳಿದ್ರು. ಮುಂದ ಸ್ವಲ್ಪ ದಿವಸಕ್ಕ, ಆ ಹುಡುಗಿನ್ನ ನಾನ ಲಗ್ನ ಆಗ್ತೀನಿ ಅಂದ.

ಅಕ್ಕನ ಮಗಳನ್ನ ಮಾಡ್ಕೊಳ್ಳೋದು ನಮ್ಮ ಕಡೆ ಹೊಸಾದಲ್ಲ, ನಾನೂ ಬಲ್ಲೆ. ಆದರ ಅವಂಗ ಮೂವತ್ತು ದಾಟೈತಿ! ಹತ್ತನೇತ್ತರ ಮುಗಿಸಲಿ ಅಂತ ಬಂಡೆಮ್ಮ ತಮ್ಮನ ಕಾಲ ಹಿಡದ್ಲಂತ. ಅವ ಒಪ್ಪಲಿಲ್ಲ. ಸಂತಿಗೆ ಹೋಗಿ ಬರ್ತೀನಿ ಅಂತ ಹೇಳಿ ಮಗಳನ್ನ ಕರಕೊಂಡು ಹೈದರಾಬಾದ್ ಬಸ್ ಹತ್ತಿದ್ಲು. ಫೋನಿನ್ಯಾಗ ಮಗಳ ಪಾಠ ಇದ್ವು, ಅದಕ್ಕ ತಂದ್ಲು. ಕೃಷ್ಣಾ ಹೊಳಿ ದಾಟುವಾಗ ಸಿಮ್ ತಗದು ಕಿಡಕ್ಯಾಗಿಂದ ಒಗದ್ಲು. ನಂಬರ್ ಹೋತಂದ್ರ ಫೋನಿಗೂ ಅವಂಗೂ ಸಂಬಂಧ ಹರೀತು ಅಂತ ತಿಳ್ಕೊಂಡ್ಲು. ನಮ್ಮ ಮಂದಿಗೆ ಹಂಗ. ನಂಬರ ಫೋನು, ಫೋನ ನಂಬರು.

ಆ ಫೋನ್ ಭಾಳ ದಿವಸ ಬಂದ್ ಆಗಿ ಟ್ರಂಕಿನ್ಯಾಗ ಬಿದ್ದಿತ್ತು. ಶಿವಗಂಗಾ ಇಲ್ಲಿ ಸಾಲಿಗೆ ಸೇರಿದ್ಲು. ತೆಲುಗು ಎಷ್ಟ ಲಗೂ ಕಲತ್ಲಂದ್ರ, ಗಿರಾಕಿ ಹತ್ರ ನನ್ನ ಬದ್ಲಿ ಆಕಿನ ಮಾತಾಡ್ತಿದ್ಲು. ಮನೀ ಅಭ್ಯಾಸ ಫೋನಿನ್ಯಾಗ ಕಳಸ್ತೀವಿ ಅಂತ ಸಾಲ್ಯಾಗ ಹೇಳಿದ ಮ್ಯಾಲ ಹೊಸ ಸಿಮ್ ಹಾಕಿ ಅದನ್ನ ಚಾಲೂ ಮಾಡಿದ್ವಿ. ಅದೇ ವಾರ ಸಾಲ್ಯಾಗ ತಾಯಂದಿರ ಸಭಾ ಇತ್ತು. ಮಕ್ಕಳ ಫೋನಿನ್ಯಾಗಿನ ಆ್ಯಪ್‌ಗಳು ಕ್ಯಾಮೆರಾದಾಗ ನೋಡ್ತಾವ, ಮೈಕಿನ್ಯಾಗ ಕೇಳ್ತಾವ, ಮಗು ಎಲ್ಲಿ ಐತಿ ಅನ್ನೋದೂ ಅವಕ್ಕ ಗೊತ್ತಾಗ್ತೈತಿ, ಬ್ಯಾಡಾದ ಅನುಮತಿ ತಗದು ಹಾಕ್ರಿ ಅಂತ ಟೀಚರ್ ಹೇಳಿದ್ರಂತ. ಎಲ್ಲಿ ಐತಿ ಅನ್ನೋದೂ ಗೊತ್ತಾಗ್ತೈತಿ ಅನ್ನೋ ಒಂದ ಮಾತು ಕೇಳಿ ಬಂಡೆಮ್ಮ ಸಭಾದಿಂದ ಎದ್ದು ಬಂದಿದ್ಲು. ಬಂದಾಕಿನ, ಈಗಿಂದೀಗ ತಗೀರಿ ಅಕ್ಕಾರ ಅಂದ್ಲು.

ಮೂರೂ ಮಂದಿ ಒಲಿ ಮುಂದ ಕುಂತ್ವಿ. ಆಕಿಗೆ ಓದು ಬರಂಗಿಲ್ಲ. ನಾ ಓದ್ತಿದ್ದೆ, ಶಿವಗಂಗಾ ಒತ್ತಿದ್ಲು. ಹಣ್ಣ ಕತ್ತರಿಸೋ ಆಟಕ್ಕ ಕ್ಯಾಮೆರಾ ಯಾಕ ಬೇಕು? ಬಂದ್. ಅದಕ್ಕ ಮೈಕ್ ಯಾಕ? ಅದೂ ಬಂದ್. ಒಂದೊಂದು ಬಂದ್ ಆದಾಗೂ ಬಂಡೆಮ್ಮ ನಗತಿದ್ಲು. ಆಕಿ ನಕ್ಕಿದ್ದು ನಾ ನೋಡಿದ್ದು ಅಪರೂಪ. ಕಡೀಕ ಇರೋ ಜಾಗ ತೋರಸೋದು ಬಂತು. ಅದೊಂದು ಬಂದ್ ಆಗವಲ್ದು. ಇದನ್ನು ಬದಲಿಸಲು ಪೋಷಕರ ಅನುಮತಿ ಬೇಕು ಅಂತ ಬಂತು, ಕೆಳಗ 'ಕೇಳಿ' ಅನ್ನೋ ಗುಂಡಿ ಇತ್ತು.

"ತಾಯಿ ನಾ ಇಲ್ಲೇ ಕುಂತೀನಲ್ಲ" ಅಂದ್ಲು ಬಂಡೆಮ್ಮ. "ಒತ್ತು."

ಹುಡುಗಿ ಒತ್ತಿದ್ಲು. ಇನ್ನೂ ಎರಡು ರೊಟ್ಟಿ ಬೆಂದಿದ್ದಿಲ್ಲ, ಅನುಮತಿ ನಿರಾಕರಿಸಲಾಗಿದೆ ಅಂತ ಬಂತು. ಈ ಕಂಪನಿಯವರ ಹಣೇಬರಹಾನ ಇಷ್ಟು, ಸೋಮವಾರ ಟೀಚರ್‌ನ ಕೇಳೋಣು ಅಂತ ನಾ ಬೈದೆ. ಬಂಡೆಮ್ಮ ರೊಟ್ಟಿ ತಿರುವಿ ಹಾಕಿದ್ಲು. ನಿರಾಕರಿಸಿದವ ಒಬ್ಬ ಮನಷ್ಯಾ ಇರ್ತಾನ, ಅವ ತನ್ನ ಫೋನ್ ಹಿಡಕೊಂಡು ನಮ್ಮ ಓಣಿ ನೋಡಾಕತ್ತಾನ ಅಂತ ನಮ್ಮ ಮೂವರಿಗೂ ಹೊಳೀಲಿಲ್ಲ.

ಸೋಮವಾರ ಮಧ್ಯಾಹ್ನ ಸಾಲಿ ಆಯಾ ಬಂದು, ನಿಮ್ಮ ಹುಡುಗಿನ್ನ ಅವರ ಮಾವ ಕರಕೊಂಡು ಹೋದ್ರು ಅಂದ್ಲು. ಹಿಟ್ಟಿನ ಕೈಲೇನ ಓಡಿದ್ವಿ. ಹೆಡ್‌ಮಾಸ್ತರು ಭಾಳ ಶಾಂತದಿಂದ ಹೇಳಿದ್ರು. ಸಭ್ಯ ಮನಷ್ಯಾ, ಬಿಳಿ ಅಂಗಿ. ಫೋನ್ ತೋರಿಸಿದ. ಅದರಾಗ ಹುಡುಗಿ ಹೆಸರಿತ್ತು, ಫೋಟೋ ಇತ್ತು, ನಕಾಶೆದಾಗ ಆಕಿ ಇರೋ ಓಣಿ ಇತ್ತು. ಪೋಷಕ ಪರಮೇಶ ಅಂತ ಮ್ಯಾಲ ಬರದಿತ್ತು. ಇನ್ನೇನ್ ಬೇಕು ಅಂತ ಕಳಿಸಿದ್ರಂತ. ಸಾಲಿಗೆ ಹಚ್ಚುವಾಗ ಹೆಬ್ಬೆಟ್ಟು ಒತ್ತಿದ ತಾಯಿನ್ನ ಒಂದ ಮಾತು ಕೇಳಬೇಕನ್ನಿಸಲಿಲ್ಲ. ಹುಡುಗಿ ಅತ್ತಳೇನು ಅಂತ ಕೇಳಿದೆ. ಅತ್ಲು, ಊರಿಗೆ ಹೋಗೋ ಮಕ್ಕಳು ಅಳತಾವ ಅಂದ್ರು. ನನ್ನ ಕೈ ಹೆಂಗ ತಡದು ನಿಂತಿತೋ ನಾ ಕಾಣೆ.

ಪೊಲೀಸ್ ಠಾಣೇಕ ಹೋದ್ವಿ. ಸ್ವಂತ ಮಾವ ಒಯ್ದಾನ, ಅವರೂರಾಗ ಕಂಪ್ಲೇಂಟ್ ಕೊಡ್ರಿ ಅಂದ್ರು. ಅವರೂರ ಠಾಣೇಕ ಫೋನ್ ಹಚ್ಚಿದ್ರ, ಮಗಳನ್ನ ಮೊದಲ ಓಡಿಸ್ಕೊಂಡು ಹೋದಾಕಿ ತಾಯಿನ ಅಲ್ಲೇನು ಅಂತ ನಮ್ಮನ್ನ ಕೇಳಿದ್ರು.

ಮನಿಗೆ ಬಂದು ಬಂಡೆಮ್ಮ ಆ ಫೋನ್ ಉಡ್ಯಾಗ ಇಟ್ಕೊಂಡು ಕುಂತ್ಲು. ಮಗಳು ಫೋನ್ ಮಾಡಿದ್ರ ಇದಕ್ಕ ಮಾಡ್ಬೇಕಲ್ಲ. ದೀಪ ಹಚ್ಚೋ ಹೊತ್ತಿಗೆ ಅದು ತಾನ ಬೆಳಗಿತು. ಓದ್ರಿ ಅಂದ್ಲು. ನಿಮ್ಮ ಪೋಷಕರು ಈ ಫೋನ್ ಲಾಕ್ ಮಾಡಿದ್ದಾರೆ ಅಂತ ಬರದಿತ್ತು. ಓದಿ ಹೇಳಿದೆ. ಆಕಿ ಫೋನನ್ನ ಬಾಯಿ ಹತ್ರ ಹಿಡದು, ಕಿವುಡರಿಗೆ ಹೇಳಿದಂಗ ಒಂದೊಂದ ಮಾತು ಬಿಡಿಸಿ ಹೇಳಿದ್ಲು.

"ನಾ ತಾಯಿ ಅದೀನಿ. ತಗಿ."

ತೆಗೀಲಿಲ್ಲ. ಅಷ್ಟಿಷ್ಟು ಬರೋ ತೆಲುಗಿನ್ಯಾಗೂ ಅದನ್ನ ಹೇಳಿದ್ಲು. ಆಗ ನನಗ ತಡಕೊಳ್ಳಾಕ ಆಗಲಿಲ್ಲ, ಒಲಿ ಕಡೆ ಮುಖ ಮಾಡಿ ಅತ್ತೆ.

ಮರುದಿವಸ ಮೊದಲನೇ ಬಸ್ಸಿಗೆ ಹೋದ್ಲು. ಆಕಿ ಮುಟ್ಟೋದ್ರಾಗ ಹುಡುಗಿ ಕೊರಳಾಗ ತಾಳಿ ಬಿದ್ದಿತ್ತು. ವಾಪಸ್ ಬರಲಿಲ್ಲ. ಅದೇ ತಮ್ಮನ ಮನ್ಯಾಗ ರೊಟ್ಟಿ ಬಡಕೊಂಡು ಅದಾಳ. ನಾಚಿಕಿಲ್ಲೇನು ಆಕಿಗೆ ಅಂತ ಕೇಳ್ತಾರ ಮಂದಿ. ಮಗಳನ್ನ ಆ ಮನ್ಯಾಗ ಒಬ್ಬಾಕಿನ್ನ ಬಿಟ್ಟು ಹೆಂಗ ಬರ್ತಾಳ್ರಿ? ಮಕ್ಕಳ ಸಹಾಯವಾಣಿಗೆ ನಾ ಫೋನ್ ಮಾಡೀನಿ, ಮತ್ತ ಮಾಡೀನಿ. ಬರಕೊಂಡಾರ.

ಮೊನ್ನೆ ಬಂಡೆಮ್ಮ ಯಾರದೋ ಫೋನಿನಿಂದ ಮಾತಾಡಿದ್ಲು. ದನಿ ಪಿಸುಪಿಸು. ಹುಡುಗಿ ಹೆಂಗದಾಳ ಅಂತ ಕೇಳಿದೆ. ಆ ಫೋನ್ ಇನ್ನೂ ನಿಮ್ಮನ್ಯಾಗ ಐತೇನ್ರಿ ಅಂದ್ಲು. ಐತಿ ಅಂದೆ.

"ಒಡದು ಹಾಕ್ರಿ ಅಕ್ಕಾರ. ನಾವು ಬಂದ್ರ ನಿಮ್ಮ ಮನಿಗೇ ಬರೋದು. ಬಂದಿದ್ದು ಅವಂಗ ಕಾಣಬಾರದು."

ಹಿತ್ತಲಿಗೆ ಒಯ್ದು ಕಲ್ಲಿಲೇ ಒಡದೆ. ಹಿಂದಿನ ಖೋಲಿ ಇನ್ನೂ ಯಾರಿಗೂ ಕೊಟ್ಟಿಲ್ಲ.