ನರ್ಸ್‌ಬಾಯಿಯ ಭಾನುವಾರದ ಪಾಠ

ಹೊನ್ನಾವರದ ಕಾರ್ಮಿನ್ ಬಾಯಿಗೆ ಚರ್ಚಿನ ಕಡೆಯಿಂದ ಎಂಟು ಶಿಬಿರಗಳ ಬಸ್ ಚಾರ್ಜು ಇನ್ನೂ ಬರಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗುವ ಮುಂಚಿನ ಬಾಕಿ ಅದು. ಹಾಳಾಗಿ ಹೋಗಲಿ ಎನ್ನುತ್ತಾಳೆ. ಅವಳೇ ಒಬ್ಬಳಿಗೆ ಒಂದು ಉತ್ತರ ಬಾಕಿ ಉಳಿಸಿಕೊಂಡಿದ್ದಾಳೆ. ಕೇಳಿದವಳು ಈಗ ಮಣ್ಣಿನಡಿ ಇದ್ದಾಳೆ.

ಮೂವತ್ತು ವರ್ಷ ಮಾವಳ್ಳಿ ಕಡೆ ಸರಕಾರಿ ನರ್ಸು. ಹೆರಿಗೆ, ಚುಚ್ಚುಮದ್ದು, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳಾಗದ ಹಾಗೆ ಮಾಡುವ ಆಪರೇಶನ್. ಎರಡು ಮಕ್ಕಳಾದ ಹೆಂಗಸರನ್ನು ಜೀಪಿಗೆ ತುಂಬಿಸಿ ಕರೆದೊಯ್ದು, ಹೊಲಿಗೆ ಬಿಚ್ಚುವ ತನಕ ಬೆನ್ನು ಬಿಡದೆ ನೋಡಿಕೊಂಡವಳು. ಭಾನುವಾರ ಬಂತೆಂದರೆ ಅದೇ ಬಾಯಿ ಚರ್ಚಿನ ಮದುವೆ ಶಿಬಿರದಲ್ಲಿ, ಮದುವೆ ಗೊತ್ತಾದ ಜೋಡಿಗಳ ಮುಂದೆ ನಿಲ್ಲುತ್ತಿದ್ದಳು. ಆಪರೇಶನ್ ಪಾಪ, ಮಾತ್ರೆ ಪಾಪ, ಬಸಿರು ನಿಲ್ಲುವ ದಿನ ಎಣಿಸಿ ಗಂಡ ಹೆಂಡತಿ ದೂರ ಇರುವುದೊಂದೇ ದೇವರು ಒಪ್ಪಿದ ದಾರಿ ಎಂದು ಬೋರ್ಡಿನ ಮೇಲೆ ಚಾರ್ಟು ಬರೆಯುತ್ತಿದ್ದಳು. ಶಿಬಿರದ ಸರ್ಟಿಫಿಕೇಟ್ ಇಲ್ಲದೆ ಚರ್ಚಿನಲ್ಲಿ ಮದುವೆ ಇಲ್ಲ.

ಮಾವಳ್ಳಿಯ ಮಾಸ್ತಮ್ಮ ಮೀನಿನ ಬುಟ್ಟಿ ಇಳಿಸಿ ಕೆಣಕುತ್ತಿದ್ದಳು: "ಎಂತ ಬಾಯಿ, ನಮ್ಮ ಹೊಟ್ಟೆಗಾದ್ರೆ ಕತ್ರಿ, ನಿಮ್ಮೋರ ಹೊಟ್ಟೆಗೆ ಕ್ಯಾಲೆಂಡರಾ?"

"ಸುಮ್ನಿರೇ, ಬಂಗಡೆ ಎಣಿಸು."

ಮಾಸ್ತಮ್ಮನಿಗೆ ಗೊತ್ತಿಲ್ಲದ್ದು ಒಂದಿತ್ತು. ಮೂರನೆಯ ಮಗುವಿನ ನಂತರ ಕಾರ್ಮಿನ್ ಕೂಡ ಆಪರೇಶನ್ ಮಾಡಿಸಿಕೊಂಡಿದ್ದಳು. ಕುಮಟೆಯಲ್ಲಿ, ಯಾರಿಗೂ ಸುದ್ದಿ ಹತ್ತದ ಹಾಗೆ. ಪಾಪನಿವೇದನೆಯನ್ನೂ ಊರಿನ ಪಾದ್ರಿಯ ಹತ್ತಿರ ಮಾಡಲಿಲ್ಲ. ಹಬ್ಬಕ್ಕೆ ಬಂದ ಹೊರಗಿನ ಪಾದ್ರಿಯ ಕಿವಿಯಲ್ಲಿ ಉಸುರಿ ಮುಗಿಸಿದಳು.

ನಾಲ್ಕು ವರ್ಷದ ಹಿಂದೆ ಶಿಬಿರಕ್ಕೆ ಭಟ್ಕಳ ಕಡೆಯ ಪ್ರೆಸಿಲ್ಲಾ ಬಂದಳು. ಜೊತೆಗೆ ಅವಳನ್ನು ಮದುವೆಯಾಗುವ ನೆಲ್ಸನ್, ಮೀನಿನ ಬೋಟಿನಲ್ಲಿ ಕೆಲಸ. ಊಟದ ಹೊತ್ತಿಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಹುಡುಗಿ ಕಾರ್ಮಿನ್ ಬಾಯಿಯ ಕೈ ಹಿಡಿದಳು.

"ಬಾಯಿ, ಸಣ್ಣೋಳಿದ್ದಾಗಿಂದ ನಂಗೆ ಹೃದಯದ ತೊಂದ್ರೆ. ಒಂದು ಮಗು ಆದ್ಮೇಲೆ ಇನ್ನೊಂದು ಬೇಡವೇ ಬೇಡ ಅಂದಾರೆ ಡಾಕ್ಟ್ರು. ಇವ್ರ ಬೋಟು ಹತ್ತು ದಿನಕ್ಕೆ ಬರ್ತದೋ ಹದಿನೈದಕ್ಕೋ, ಹೇಳೂಕಾಗೂದಿಲ್ಲ. ನಿಮ್ಮ ಚಾರ್ಟು ನಂಬೂದಾ?"

ಮೂವತ್ತು ವರ್ಷ ದುಡಿದ ನರ್ಸಿಗೆ ಉತ್ತರ ಗೊತ್ತಿರಲಿಲ್ಲವೇ? ನಾಲಿಗೆಯ ತುದಿಯಲ್ಲೇ ಇತ್ತು. ಆಚೆ ಶಿಬಿರ ನಡೆಸುವ ಫಾದರ್ ತಟ್ಟೆ ಹಿಡಿದು ನಿಂತಿದ್ದರು.

"ಸರಿಯಾಗಿ ಬರೆದ್ರೆ ಆತು. ದೇವರಿದ್ದಾನೆ," ಎಂದು ಹೇಳಿ ಊಟಕ್ಕೆ ನಡೆದಳು.

ಮೊದಲ ಹೆರಿಗೆ ಹೇಗೋ ದಾಟಿತು. ಎರಡನೆಯ ಬಸಿರಿಗೆ ಏಳು ತಿಂಗಳಾದಾಗ ಪ್ರೆಸಿಲ್ಲಾ ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟಳು. ಹೊಟ್ಟೆಯ ಮಗುವೂ ಉಳಿಯಲಿಲ್ಲ.

ಅವಳನ್ನು ಮಣ್ಣು ಮಾಡಿದ ದಿನ ನೆಲ್ಸನ್ ಒಂದು ನೋಟ್‌ಬುಕ್ ತಂದು ಕಾರ್ಮಿನ್ ಬಾಯಿಯ ಕೈಗಿಟ್ಟ. ಒಳಗೆ ಶಿಬಿರದ ಅದೇ ಚಾರ್ಟು: ಕೆಂಪು ಪೆನ್ನು, ಹಸಿರು ಪೆನ್ನು, ಸ್ಕೇಲ್ ಇಟ್ಟು ಎಳೆದ ಗೆರೆ.

"ನೀವು ಹೇಳ್ದಂಗೇ ಬರ್ದಾಳೆ ಬಾಯಿ. ಒಂದಿನಾನೂ ತಪ್ಸಲಿಲ್ಲ. ನಾನೇ... ಬೋಟು ಇಳ್ದು ಬಂದವ, ದಿನ ನೋಡ್ಲಿಲ್ಲ."

ಅವನು ಕಾರ್ಮಿನ್ ಬಾಯಿಯನ್ನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ತನ್ನನ್ನೇ ಬೈದುಕೊಳ್ಳುತ್ತಿದ್ದ.

ಮುಂದಿನ ಶಿಬಿರಕ್ಕೆ ಮೊದಲು ಅವಳು ಫಾದರ್ ಹತ್ತಿರ ತನ್ನ ಆಪರೇಶನ್ ಸೇರಿ ಎಲ್ಲವನ್ನೂ ಹೇಳಿದಳು. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು.

"ಚರ್ಚಿನ ಬೋಧನೆ ನಾನು ಬದಲಿಸೂಕೆ ಆಗ್ತದಾ ಬಾಯಿ? ನಿಮ್ಮ ಮನೆ ಕಥೆ ಶಿಬಿರದಲ್ಲಿ ಬೇಡ."

"ಬೋಧನೆ ನೀವು ಹೇಳಿ ಫಾದರ್. ನಾನು ಹೇಳಿದ ಸುಳ್ಳು ನಾನೇ ಒಪ್ಕಬೇಕಲ್ಲ."

ಹದಿನಾರು ಜೋಡಿಗಳ ಮುಂದೆ ಚಾಕ್‌ಪೀಸು ಕೆಳಗಿಟ್ಟಳು. "ನಾನು ಆಪರೇಶನ್ ಮಾಡಿಸ್ಕಂಡವಳು. ಡಾಕ್ಟ್ರು ಬೇಡ ಅಂದಿದ್ರೆ ಚಾರ್ಟು ನಂಬಿ ಕೂರಬೇಡಿ. ಪಾಪ ಬಂದ್ರೆ ನನ್ನ ತಲೆ ಮೇಲೆ ಹಾಕಿ."

ಆಮೇಲೆ ಶಿಬಿರಕ್ಕೆ ಅವಳಿಗೆ ಕರೆ ಬರಲಿಲ್ಲ. ಪೂಜೆಗೆ ಈಗಲೂ ಹೋಗುತ್ತಾಳೆ, ಕಡೆಯ ಬೆಂಚಿನಲ್ಲಿ ಕೂರುತ್ತಾಳೆ. ಧೈರ್ಯವಂತೆ ಎಂದು ಯಾರಾದರೂ ಹೊಗಳಿದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ: "ಎಂತ ಧೈರ್ಯ? ಹೆಣ ಹೋದ್ಮೇಲೆ ಮದ್ದು ಅರೆದವಳು ನಾನು."

ನಾಳೆ ನೀವೂ ಇಂಥ ಶಿಬಿರದಲ್ಲಿ ಕೂತರೆ, ಪಾಠ ಹೇಳುವವರನ್ನು ನಲ್ಲಿಯ ಹತ್ತಿರ ಗುಟ್ಟಾಗಿ ಕೇಳಬೇಡಿ. ಎಲ್ಲರ ಎದುರು ಎದ್ದು ನಿಂತು ಕೇಳಿ: ನಿಮ್ಮ ಮನೆಯಲ್ಲಿ ನೀವು ಎಂತ ಮಾಡಿದಿರಿ? ಉತ್ತರ ಬರುವ ತನಕ ಕೂರಬೇಡಿ.