ಎರಡೂವರೆ ಅಡಿ ಬತ್ತಿ

ಕಲ್ಲು ಕ್ವಾರಿಯಲ್ಲಿ ಆಕೆಯನ್ನು ಎಲ್ಲರೂ ಬತ್ತಿಯಕ್ಕ ಎಂದೇ ಕರೆಯುತ್ತಿದ್ದರು. ಬಂಡೆಗೆ ಕೊರೆದ ಕುಳಿಯಲ್ಲಿ ಮದ್ದು ತುಂಬಿದ ಮೇಲೆ, ಅದನ್ನು ಸಿಡಿಸುವ ಬತ್ತಿಯನ್ನು ಅಳೆದು ಕತ್ತರಿಸಿ ಕೊಡುವುದು ಇಪ್ಪತ್ತು ವರ್ಷಗಳಿಂದ ಆಕೆಯ ಕೆಲಸ. ಅರೆ, ಕಾಲು, ಮುಕ್ಕಾಲಿನ ಮಗ್ಗಿಯನ್ನು ಅಪ್ಪ ಬೆತ್ತ ಮುರಿಯುವ ತನಕ ಹೊಡೆದು ಕಲಿಸಿದ್ದ. ಹೊಡೆದವನು ಸತ್ತ, ಮಗ್ಗಿ ಉಳಿಯಿತು. ಅಪ್ಪ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಆಕೆಯೇ. ಈಗ ಅವನೂ ಅದೇ ಕ್ವಾರಿಯಲ್ಲಿ ಬತ್ತಿಗೆ ಬೆಂಕಿ ಇಡುತ್ತಿದ್ದ.

ಅಲ್ಲಿ ಯಾರಿಗೂ ಗುಣಾಕಾರದ ಗೊಡವೆ ಇರಲಿಲ್ಲ. ಹಳೆಯ ಬತ್ತಿ ಅಡಿಗೊಂದು ನಿಮಿಷ ಉರಿಯುತ್ತಿತ್ತು; ಎಷ್ಟು ಅಡಿಯೋ ಅಷ್ಟು ನಿಮಿಷ. ಒಂದು ದಿನ ಹೊಸ ಸುರುಳಿ ಬಂತು. ಆಕೆ ಒಂದಡಿ ಸುಟ್ಟು ನೋಡಿದಳು: ಒಂದೂವರೆ ನಿಮಿಷ. ಆ ದಿನದ ಕುಳಿಗೆ ಬೇಕಾಗಿದ್ದದ್ದು ಎರಡೂವರೆ ಅಡಿ.

"ಎರಡೊಂದ್ಲ ಎರಡು, ಅರೆಯ ಅರೆ ಕಾಲು. ಎರಡೂಕಾಲು ನಿಮಿಷ," ಎಂದ ಮೇಸ್ತ್ರಿ.

"ಇಲ್ಲ ಮೇಸ್ತ್ರಿ. ಎರಡಡಿಗೇ ಮೂರು ನಿಮಿಷ ಆಯ್ತಲ್ಲ. ಉಳಿದ ಅರ್ಧ ಅಡಿಗೆ ಮುಕ್ಕಾಲು. ಒಟ್ಟು ಮೂರೂಮುಕ್ಕಾಲು. ನಿಧಾನ ಉರಿಯೋ ಬತ್ತಿ ಬೇಗ ಮುಗಿಯತ್ತಾ?"

ಕೆನ್ನೆಗೆ ಏಟು ಬಿತ್ತು. ತುಟಿ ಒಡೆದು ರಕ್ತ ಬಂತು. "ನಂಗೇ ಲೆಕ್ಕ ಹೇಳ್ಕೊಡ್ತೀಯಾ?" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ ಅವನು.

ತಮ್ಮ ಬೆಂಕಿ ಇಟ್ಟು ಓಡಿ ಬಂದ. ಮೂವರೂ ಬಂಡೆಯ ಮರೆಯಲ್ಲಿ ಕುಳಿತರು. ಮೇಸ್ತ್ರಿಯ ಗಡಿಯಾರದಲ್ಲಿ ಎರಡೂಕಾಲು ನಿಮಿಷ ದಾಟಿತು. ಸದ್ದಿಲ್ಲ. ಎರಡೂವರೆಯೂ ದಾಟಿತು.

"ಬತ್ತಿ ಆರಿದೆ. ಹೋಗಿ ಕಿತ್ತು ಬಾರೋ," ಎಂದು ಮೇಸ್ತ್ರಿ ತಮ್ಮನಿಗೆ ಹೇಳಿದ.

"ಹೋಗ್ಬೇಡ ಕಣೋ! ಇನ್ನೂ ಉರೀತಿದೆ!" ಆಕೆ ಅವನ ಅಂಗಿ ಹಿಡಿದಳು.

"ಬಿಡಕ್ಕ, ಕೆಲಸ ಹೋಗತ್ತೆ." ಅವನು ಕೈ ಕೊಡವಿ ಎದ್ದ. ಆಕೆ ಪಕ್ಕದಲ್ಲಿದ್ದ ಸುತ್ತಿಗೆಯ ಮರದ ಕಾವು ಎತ್ತಿ, ಹೆತ್ತ ಮಗನಂತೆ ಸಾಕಿದವನ ಮೊಣಕಾಲಿಗೆ ಬೀಸಿ ಹೊಡೆದಳು. ಮೂಳೆ ಮುರಿದದ್ದು ಮೂವರಿಗೂ ಕೇಳಿಸಿತು. ಅವನು ಚೀರಿ ಬಿದ್ದ. ಎದ್ದಾನೆಂದು ಇನ್ನೊಂದು ಹೊಡೆದಳು.

ಮೇಸ್ತ್ರಿ ಆಕೆಯ ಹೊಟ್ಟೆಗೆ ಒದ್ದು, "ಅಕ್ಕತಮ್ಮ ಇಬ್ರೂ ದಂಡಪಿಂಡಗಳು!" ಎಂದು ಬೈಯುತ್ತಾ ತಾನೇ ಹೊರಟ. ಅವನ ಕಾಲು ಆಕೆಯ ಮುಂದೆಯೇ ಹಾದುಹೋಯಿತು. ಕಾವು ಇನ್ನೂ ಆಕೆಯ ಕೈಯಲ್ಲೇ ಇತ್ತು.

ಮೂರೂಮುಕ್ಕಾಲು ನಿಮಿಷಕ್ಕೆ ಬಂಡೆ ಸಿಡಿಯಿತು. ಮೇಸ್ತ್ರಿಯ ದೇಹವನ್ನು ಗೋಣಿಚೀಲದಲ್ಲಿ ಆಯ್ದು ತರಬೇಕಾಯಿತು.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಆಕೆ ಗಂಜಿ ಕುಡಿಸುವಾಗ ತಮ್ಮ ಕೇಳಿದ: "ಅವನ ಕಾಲಿಗೂ ಒಂದು ಹೊಡೀಬಹುದಿತ್ತಲ್ಲ, ಅಕ್ಕ. ಹೊತ್ತು ಇರಲಿಲ್ವಾ?"

ಆಕೆ ಚಮಚ ಕೆಳಗಿಟ್ಟಳು.

"ಇತ್ತು," ಎಂದಳು. "ಇನ್ನೂ ಮುಕ್ಕಾಲು ನಿಮಿಷ ಇತ್ತು."