ಗ್ವೆನ್ ಎಂಬ ಎಮ್ಮೆ

ನನಗೆ ಅಜ್ಜಿಯ ಹೆಸರಿಟ್ಟಿದ್ದರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂಬ ಕಟ್ಟಳೆ ನಮ್ಮ ಮನೆಯಲ್ಲಿ. ಹಾಗಾಗಿ ಹೆತ್ತ ತಾಯಿಯೇ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. "ಏ ಪುಟ್ಟಿ", ಅಷ್ಟೇ. ಉಳಿದವರೂ ಅದನ್ನೇ ಕಲಿತರು. ನನ್ನ ಹೆಸರು ನನ್ನ ಕಿವಿಗೆ ಬೀಳುತ್ತಿದ್ದದ್ದು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ. ದಿನಕ್ಕೊಂದು ಸಲ. ಅದಕ್ಕಾಗಿ ಕಾದು ಕೂತಿರುತ್ತಿದ್ದೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನಮ್ಮ ಕ್ಲಾಸಿಗೆ ವೇಲ್ಸ್ ದೇಶದ ಮಿಸ್ ಒಬ್ಬರು ಬಂದರು. ಮೊದಲ ದಿನವೇ ನನ್ನ ಹೆಸರಿನಲ್ಲಿ ಎರಡು ಸಲ ಎಡವಿ, ಹಾಜರಿ ಪುಸ್ತಕದಲ್ಲಿ ಅದರ ಮೇಲೆ ಗೀಟು ಎಳೆದರು.

"ಇದು ನನ್ನ ಬಾಯಿಗೆ ಹೊರಳುವುದಿಲ್ಲ. ಇವತ್ತಿನಿಂದ ನೀನು ಗ್ವೆನ್. ತೀರಿಕೊಂಡ ನಮ್ಮ ತಾಯಿಯ ಹೆಸರು."

ಅರ್ಥವನ್ನೂ ಹೇಳಿದರು. ಅವರ ವೆಲ್ಷ್ ಮಾತಿನಲ್ಲಿ ಬಿಳಿಗೆ ಗ್ವಿನ್ ಎನ್ನುತ್ತಾರಂತೆ, ಹೆಣ್ಣಿಗಾದರೆ ಗ್ವೆನ್. ಬೆಳ್ಳಗಿರುವವಳು, ಚೆಲುವೆ, ದೇವರ ಕೃಪೆ ಪಡೆದವಳು. ಇಡೀ ಕ್ಲಾಸು ನನ್ನ ಕಪ್ಪು ಮುಖ ನೋಡಿ ಕಿಸಕ್ಕೆಂದಿತು. ಮಿಸ್ ಕೂಡ ನಕ್ಕರು. ಥೂ! ಆ ನಗು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿ ಒಂದು ಎಮ್ಮೆಯಿತ್ತು. ಹಾಲಿಗೆ ನೀರು ಬೆರೆಸುತ್ತಾರೆಂಬ ಅನುಮಾನ ಬೇಡವೆಂದು ಎಮ್ಮೆಯನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಹೋಗಿ, ಕೊಳ್ಳುವವರ ಕಣ್ಣೆದುರೇ ಹಾಲು ಕರೆದು ಕೊಡುವುದು ಆಗಿನ ರೂಢಿ. ಮಿಸ್ಸಿಗೂ ನಮ್ಮದೇ ಹಾಲು.

ಆ ಸಂಜೆ ಅಮ್ಮನಿಗೆ ಹೇಳಿದೆ, "ಎಮ್ಮೆಗೆ ಗ್ವೆನ್ ಅಂತ ಹೆಸರಿಡೋಣ ಕಣಮ್ಮ. ದೇವರ ಕೃಪೆ ಅಂತ ಅರ್ಥ."

"ಒಳ್ಳೇದಾಗೋದಾದ್ರೆ ಇಟ್ಬುಡು," ಎಂದಳು ಅಮ್ಮ.

ಮಾರನೆಯ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಅಮ್ಮನ ಜೊತೆ ನಾನೂ ಹೋದೆ. ಮಿಸ್ ಪಾತ್ರೆ ಹಿಡಿದು ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಎಮ್ಮೆ ಸಗಣಿ ಹಾಕಿ ಬಾಲ ಬೀಸಿತು.

"ಥತ್! ನೆಟ್ಟಗೆ ನಿಂತ್ಕೊಳ್ಳೇ ಗ್ವೆನ್! ಮೈಯೆಲ್ಲಾ ಗಲೀಜು ನಿಂಗೆ!" ಎಂದು ಅಮ್ಮ ಬೆನ್ನಿಗೊಂದು ಬಾರಿಸಿದಳು.

ಮಿಸ್ ಮುಖ ಬಿಳಿಚಿಕೊಂಡಿತು. "ಯಾರು ಇಟ್ಟರು ಈ ಹೆಸರು?"

"ನಾನೇ ಮಿಸ್. ಇದರ ಹಳೇ ಹೆಸರು ನನ್ನ ಬಾಯಿಗೆ ಹೊರಳ್ತಿರ್ಲಿಲ್ಲ."

ಅವರ ಕಣ್ಣು ತುಂಬಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಂದು ಹಾಜರಿಯಲ್ಲಿ ಮಿಸ್ ನನ್ನ ಹೆಸರನ್ನು, ನನ್ನ ಅಜ್ಜಿಯ ಹೆಸರನ್ನು, ಒಂದೊಂದೇ ಅಕ್ಷರ ಬಿಡಿಸಿ ತಪ್ಪಿಲ್ಲದೆ ಕೂಗಿದರು. "ಪ್ರೆಸೆಂಟ್ ಮಿಸ್," ಎಂದೆ. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ಅವರು ಊರು ಬಿಡುವವರೆಗೆ, ಎರಡು ವರ್ಷ, ಪ್ರತಿ ಬೆಳಿಗ್ಗೆ ಅವರ ಬಾಗಿಲಲ್ಲಿ ಅಮ್ಮ ಆ ಹೆಸರು ಹಿಡಿದು ಗದರುತ್ತಲೇ ಇದ್ದಳು. ಅದು ಯಾರ ತಾಯಿಯ ಹೆಸರೆಂದು ನಾನು ಅಮ್ಮನಿಗೆ ಹೇಳಲೇ ಇಲ್ಲ.